ಸೇತುವೆಯ ಮೇಲೊಂದು ಮೈಕು

ಲಾಂಡ್ರಿಯ ಮಹಡಿಯಲ್ಲಿ ರೇಡಿಯೊ ಕೇಂದ್ರ ನಡೆಸುವುದೆಂದರೆ ವರ್ಷವಿಡೀ ಹಬೆಯಲ್ಲಿ ಬೇಯುವುದು ಎಂದು ಅಕ್ಕ ಹೇಳುತ್ತಿದ್ದಳು. ಕೆಳಗೆ ಲಾಂಡ್ರಿಯವನು ಊರಿನ ಅಂಗಿಗಳ ಸುಕ್ಕು ಬಿಡಿಸಿದರೆ, ಮೇಲೆ ಇವಳು ಊರಿನ ಸುದ್ದಿಗಳ ಸುಕ್ಕು ಬಿಡಿಸುತ್ತಿದ್ದಳು. ಹೊರಗಿನ ಗಲಾಟೆ ಒಳಗೆ ಬರದಿರಲಿ ಎಂದು ಗೋಡೆಗಳಿಗೆಲ್ಲ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ ಮೊಳೆ ಹೊಡೆದಿದ್ದರು. ಆ ಕೋಣೆಯಲ್ಲಿ ಹಾಸಿಗೆಗಳೂ ನಿಂತೇ ಇರುತ್ತಿದ್ದವು, ಅಕ್ಕನೂ ನಿಂತೇ ಇರುತ್ತಿದ್ದಳು.

ಅವಳನ್ನು ಇಡೀ ಊರು ಅಕ್ಕ ಎಂದೇ ಕರೆಯುತ್ತಿತ್ತು. ಅವಳಿಗಿಂತ ಹಿರಿಯರೂ ಸಹ. ಅಕ್ಕನಿಗೆ ತನ್ನ ಕೇಂದ್ರದ ಬಗ್ಗೆ ಸಣ್ಣದೊಂದು ಜಂಬವಿತ್ತು. ಯಾರು ಕಂಡರು, ಎಲ್ಲಿ ನಿಂತು ಕಂಡರು, ಇವೆರಡೂ ತಿಳಿಯದೆ ಅಲ್ಲಿಂದ ಒಂದು ಸುದ್ದಿಯೂ ಹೊರಗೆ ಹೋಗುತ್ತಿರಲಿಲ್ಲ. ಬಸ್ಸು ತಡವಾದರೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನಿಗೆ ಫೋನು, ನಲ್ಲಿಯಲ್ಲಿ ನೀರು ಬರದಿದ್ದರೆ ವಾಲ್ವು ತಿರುಗಿಸುವವನಿಗೆ ಫೋನು. ವಾರ್ತೆಯನ್ನು ಅವಳೇ ಓದುತ್ತಿದ್ದಳು.

ಉಳಿದದ್ದೆಲ್ಲ ತಮ್ಮನ ಪಾಲು. ತಮ್ಮನಿಗೆ ಊರು ಇಟ್ಟ ಹೆಸರು ಗಿಳಿ. ಡಿಗ್ರಿ ಮುಗಿಸಿ, ಎರಡು ಕೆಲಸ ಬಿಟ್ಟು, ಮೂರನೆಯ ಕೆಲಸವೇ ಅವನನ್ನು ಬಿಟ್ಟ ಮೇಲೆ ಅಕ್ಕನ ಮೈಕಿನ ಮುಂದೆ ಬಂದು ಕೂತಿದ್ದ. ಅವನ ಬೆಳಗಿನ ಕಾರ್ಯಕ್ರಮದ ಹೆಸರು ‘ಗಿಳಿಪಾಠ’. ಅದರಲ್ಲಿ ಬಸ್ ಕಂಡಕ್ಟರು ಬರುತ್ತಿದ್ದ, ಹಲ್ಲಿನ ಡಾಕ್ಟರು ಬರುತ್ತಿದ್ದ, ಪುರಸಭೆಯ ಅಧ್ಯಕ್ಷರು ಮೂಗಿನಿಂದ ಭಾಷಣ ಮಾಡುತ್ತಿದ್ದರು, ಕುಕ್ಕರು ಸೀಟಿ ಹೊಡೆಯುತ್ತಿತ್ತು. ಎಲ್ಲರೂ ಗಿಳಿಯೇ. ಪ್ರತಿ ಮಾತಿನ ತುದಿಗೂ ‘ಅರ್ಥ ಆಯ್ತಲ್ಲ?’ ಎಂದು ಸೇರಿಸುವ ಅಗ್ನಿಶಾಮಕ ದಳದ ಅಧಿಕಾರಿಣಿಯನ್ನೂ ಬಿಟ್ಟಿರಲಿಲ್ಲ. ಕೆಮ್ಮಿ, ‘ಕೇಳುಗರೇ, ಸ್ವಲ್ಪ ಇರಿ’ ಎನ್ನುವ ಸ್ವಂತ ಅಕ್ಕನನ್ನೂ ಬಿಟ್ಟಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕ ತಲೆ ಹಿಡಿದುಕೊಳ್ಳುತ್ತಿದ್ದಳು.

ನಗದೆ ಇದ್ದವರು ಗುಡ್ಡದ ಬಡಾವಣೆಯ ಮೇಷ್ಟ್ರು ಒಬ್ಬರೇ. ನಿವೃತ್ತಿಯಾದ ಮೇಲೆ ತಿದ್ದಲು ಮಕ್ಕಳಿಲ್ಲದೆ ರೇಡಿಯೊವನ್ನು ತಿದ್ದಲು ಹಿಡಿದಿದ್ದರು. ದಿನಾ ಫೋನು ಮಾಡಿ, “ಅಮ್ಮಾ, ನಿನ್ನ ವಾರ್ತೆಗೆ ಪಾಸು ಮಾರ್ಕ್ಸು. ಆ ಗಿಳಿಯನ್ನ ಮಾತ್ರ ಪಂಜರಕ್ಕೆ ಹಾಕು,” ಎಂದು ಹೇಳಿಯೇ ಅವರು ತಿಂಡಿಗೆ ಏಳುತ್ತಿದ್ದದ್ದು.

ಆ ವಾರ ಗುಡ್ಡದ ಆಚೆಯ ಕಾಡಿಗೆ ಬೆಂಕಿ ಬಿದ್ದಿತ್ತು. ಊರು ಹೊಳೆಯ ಈಚೆ, ಗುಡ್ಡದ ಬಡಾವಣೆ ಹೊಳೆಯ ಆಚೆ. ಬಡಾವಣೆಯಿಂದ ಇಳಿಯುವ ರಸ್ತೆ ನೀರಿನ ಟ್ಯಾಂಕಿನ ಬಳಿ ಕವಲೊಡೆಯುತ್ತದೆ. ಒಂದು ಕವಲು ನೇರ ಕಬ್ಬಿಣದ ಸೇತುವೆಗೆ ಬಂದು ಊರು ಸೇರುತ್ತದೆ, ಇನ್ನೊಂದು ಕಾಡಿನೊಳಗೆ ಸುತ್ತಿ ಬಳಸಿ ಹೆದ್ದಾರಿಗೆ ಹೋಗುತ್ತದೆ. ಬೆಂಕಿ ಇನ್ನೂ ದೂರವಿತ್ತು. ಗಾಳಿಯೂ ಆಚೆಗೇ ಬೀಸುತ್ತಿತ್ತು. ಅಕ್ಕ ದಿನವೂ ಇದನ್ನೇ, ಇಷ್ಟನ್ನೇ ಓದುತ್ತಿದ್ದಳು.

ಮಹಾನಗರದ ಒಂದು ಆನ್‌ಲೈನ್ ಚಾನೆಲ್ಲಿಗೆ ಇಷ್ಟು ಸಾಲುತ್ತಿರಲಿಲ್ಲ. ಅದರ ನಿರೂಪಕನಿಗೆ ಗಿಳಿ ಇಟ್ಟ ಹೆಸರು ಅಬ್ಬರಣ್ಣ. ಅವನು ಇಡೀ ಪರದೆಯನ್ನು ಕೆಂಪು ಮಾಡಿ, ಕೆಳಗೆ ಅಕ್ಷರಗಳನ್ನು ಓಡಿಸಿ, ‘ಊರಿಗೆ ಊರೇ ಉರಿ!’ ಎಂದು ಕೂಗುತ್ತಿದ್ದ. ಅವನು ತೋರಿಸಿದ ಬೆಂಕಿಯ ದೃಶ್ಯದ ಮೂಲೆಯಲ್ಲಿ ಒಂದು ಕಾಂಗರೂ ಕುಪ್ಪಳಿಸಿ ಹೋಯಿತು. “ಅಕ್ಕಾ, ನಮ್ಮ ಕಾಡಿಗೆ ಯಾವಾಗ ಬಂತೇ ಇದು? ಹೊಟ್ಟೇಲಿ ಜೇಬಿದೆ, ಜೇಬಲ್ಲಿ ಟಿಕೆಟ್ ಇತ್ತೇನೋ!” ಎಂದು ಗಿಳಿ ಬಿದ್ದು ಬಿದ್ದು ನಕ್ಕಿದ್ದ.

ನಕ್ಕು ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರುದಿನದ ಗಿಳಿಪಾಠದಲ್ಲಿ ಅಬ್ಬರಣ್ಣನೇ ಅವತರಿಸಿದ.

“ವೀಕ್ಷಕರೇ! ಬ್ರೇಕಿಂಗ್! ಕಬ್ಬಿಣದ ಸೇತುವೆ ಸುಟ್ಟು ಹೋಗಿದೆ! ಆ ದಾರಿಗೆ ಯಾರೂ ಹೋಗಬೇಡಿ! ಹೊಳೆಯೂ ಸುಟ್ಟು ಹೋಗಿದೆ! ಮೀನುಗಳು ತಾವಾಗಿಯೇ ಹುರಿದುಕೊಂಡು ತಟ್ಟೆಗೆ ಬರುತ್ತಿವೆ! ನಿಂಬೆಹಣ್ಣು ಎಲ್ಲಿ? ನಿಂಬೆಹಣ್ಣಿನ ಬಗ್ಗೆ ಸರ್ಕಾರ ಮೌನ ಯಾಕೆ?”

ಕೆಳಗಿನ ಲಾಂಡ್ರಿಯವನು ನಕ್ಕ ರಭಸಕ್ಕೆ ಯಾರದೋ ಅಂಗಿಯ ಕಾಲರು ಕಂದಿತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು.

ಕಿಟಕಿಯಾಚೆ ಬೆಳಕು ಹಳದಿಗೆ ತಿರುಗಿ, ಹಳದಿ ಕಂದಾಗಿ, ಹಬೆಯ ವಾಸನೆಯನ್ನು ಹೊಗೆಯ ವಾಸನೆ ನುಂಗಿತು. ಅಧಿಕಾರಿಣಿಯ ಫೋನು ಬಂತು.

“ಅಕ್ಕಾ, ಬೆಂಕಿ ಕಾಡುದಾರಿ ಕಡೆ ಇಳೀತಿದೆ. ಬಡಾವಣೆಯೋರೆಲ್ಲ ಈಗಿಂದೀಗಲೇ ಸೇತುವೆ ದಾರೀಲಿ ಬರಬೇಕು. ಕಾಡುದಾರಿಗೆ ಒಂದು ಕಾರೂ ಇಳೀಬಾರದು, ಅರ್ಥ ಆಯ್ತಲ್ಲ? ನಮ್ಮ ಗಾಡಿ ಗುಡ್ಡದ ಆ ಮಗ್ಗುಲಲ್ಲಿದೆ, ಸುತ್ತಿ ಬರೋಕೆ ಹೊತ್ತಾಗತ್ತೆ. ಅಲ್ಲೀತನಕ ನೀವೇ ಗತಿ. ಇನ್ನೊಂದು ತಲೆನೋವು. ಸೇತುವೆ ಸುಟ್ಟಿದೆ ಅಂತ ಯಾವನೋ ವಿಡಿಯೊ ಬಿಟ್ಟಿದಾನೆ. ಎಲ್ಲಾ ಕಾಡುದಾರಿ ಕಡೆಗೇ ಮುಖ ಮಾಡಿದಾರಂತೆ.”

ಅಕ್ಕ ತನ್ನ ಫೋನು ತೆರೆದಳು. ಎಲ್ಲರ ಗುಂಪಿನಲ್ಲೂ ಅದೇ ವಿಡಿಯೊ. ಎಲ್ಲಿಯದೋ ಬೆಂಕಿ, ಅದರ ಮೇಲೆ ಅಬ್ಬರಣ್ಣನ ಕೂಗು: ‘ಕಬ್ಬಿಣದ ಸೇತುವೆ ಸುಟ್ಟು ಹೋಗಿದೆ! ಆ ದಾರಿಗೆ ಯಾರೂ ಹೋಗಬೇಡಿ!’ ಹೊಳೆ ಇಲ್ಲ, ಮೀನಿಲ್ಲ, ನಿಂಬೆಹಣ್ಣಿಲ್ಲ. ಯಾರೋ ಬೇಕಾದಷ್ಟನ್ನೇ ಕತ್ತರಿಸಿಕೊಂಡಿದ್ದರು. ಅದನ್ನು ಆ ಚಾನೆಲ್ಲು ತನ್ನ ಪುಟದಲ್ಲೂ ಹಾಕಿಕೊಂಡಿತ್ತು. ದಿನಕ್ಕೆ ಅಷ್ಟು ಕೂಗುವ ಮನುಷ್ಯ ಇದನ್ನೂ ಎಲ್ಲೋ ಕೂಗಿರಬೇಕು ಎಂದು ಅವನ ಕಚೇರಿಯವರೇ ನಂಬಿದ್ದರು.

ಅಕ್ಕ ಇನ್ನೊಮ್ಮೆ ಕೇಳಿದಳು. ‘ಸುಟ್ಟು’ ಎನ್ನುವ ಮುಂಚೆ ಸಣ್ಣದೊಂದು ಉಸಿರು. ಅಬ್ಬರಣ್ಣ ಉಸಿರಾಡಲು ನಿಲ್ಲುವ ಗಿರಾಕಿಯಲ್ಲ. ಈ ಉಸಿರನ್ನು ಅವಳು ತೊಟ್ಟಿಲಿನಿಂದ ಬಲ್ಲಳು.

ತಿರುಗಿ ನೋಡಿದಳು. ಗಿಳಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

“ನಂದೇ ಕಣೇ ಅಕ್ಕ,” ಎಂದ.

“ಬೈಯೋಕೆ ಆಮೇಲೆ ಟೈಮಿದೆ. ಕೂತ್ಕೋ. ಹೇಳು.”

ಅವನು ಮೈಕಿನ ಮುಂದೆ ಕೂತ. ಯಾರ ದನಿಯನ್ನೂ ಎರವಲು ತರದೆ ಹೇಳಿದ. ಸೇತುವೆಗೆ ಏನೂ ಆಗಿಲ್ಲ, ಬೆಳಿಗ್ಗೆ ಕೂಗಿದ್ದು ನಾನು, ತಮಾಷೆಗೆ, ದಯವಿಟ್ಟು ಎಲ್ಲರೂ ಸೇತುವೆ ದಾರಿಯಲ್ಲೇ ಬನ್ನಿ. ಸ್ವಲ್ಪ ಒರಟಾದ, ಸ್ವಲ್ಪ ತಗ್ಗಿದ ದನಿ. ಸೂಚನೆ ಮುಗಿಯುವ ಮುಂಚೆಯೇ ಫೋನು ಹೊಡೆದುಕೊಂಡಿತು.

“ಯಾರ್ರೀ ಇದು ಹೊಸಬರು? ಗಿಳಿ ಎಲ್ಲಿ?” ಎಂದಳು ಬಡಾವಣೆಯ ಹೆಂಗಸೊಬ್ಬಳು.

“ನಾನೇ ಅಮ್ಮಾ ಗಿಳಿ!”

“ಹೋಗಪ್ಪಾ ಸಾಕು. ಗಿಳಿ ಮಾತು ನಮಗೆ ಗೊತ್ತಿಲ್ವಾ? ಹೀಗೆ ಮಾತಾಡೋದೇ ಇಲ್ಲ ಅವನು.”

ಆಗ ಹೊಳೆಯಿತು ಅಕ್ಕನಿಗೆ. ಊರಿನ ಎಲ್ಲರ ದನಿಯನ್ನೂ ಊರಿಗೆ ಉಣಬಡಿಸಿದವನ ಸ್ವಂತ ದನಿಯನ್ನು ಊರು ಒಂದು ದಿನವೂ ಕೇಳಿರಲಿಲ್ಲ.

ಅವಳು ಅಧಿಕಾರಿಣಿಯನ್ನೇ ಫೋನಿನಲ್ಲಿ ಹಿಡಿದು ಪ್ರಸಾರಕ್ಕೆ ಬಿಟ್ಟಳು. ಆಕೆ ಇದ್ದಬದ್ದ ಗಾಂಭೀರ್ಯವನ್ನೆಲ್ಲ ಕೂಡಿಸಿ ಹೇಳಿದಳು. ಕೊನೆಗೆ ಅಭ್ಯಾಸಬಲ, “ಅರ್ಥ ಆಯ್ತಲ್ಲ?” ಅಂದುಬಿಟ್ಟಳು. ಬಡಾವಣೆಯಿಂದ ಮತ್ತೆ ಫೋನು. “ಸಕತ್ತಾಗಿದೆ ಗಿಳಿ, ಆದ್ರೆ ಈಗ ಬೇಡ ಕಣೋ, ಇಲ್ಲಿ ಹೊಗೆ ಬರ್ತಿದೆ.”

ಅಕ್ಕ ತಾನೇ ಮೈಕಿಗೆ ಬಾಗಿದಳು. ಹೊಗೆಗೆ ಗಂಟಲು ಕಟ್ಟಿ ಕೆಮ್ಮು ಬಂತು. “ಕೇಳುಗರೇ, ಸ್ವಲ್ಪ…” ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ತನ್ನ ದನಿಯಲ್ಲೇ ತಾನು ತಮ್ಮನನ್ನು ಅನುಕರಿಸಿದ ಹಾಗೆ ಕೇಳಿಸಿತ್ತು.

ಕೊನೆಯ ಫೋನು ಮೇಷ್ಟ್ರದು.

“ಅಮ್ಮಾ, ನಾನು ಟ್ಯಾಂಕಿನ ಹತ್ರ ನಿಂತಿದೀನಿ. ಬಡಾವಣೆ ಕಾರೆಲ್ಲ ಇಲ್ಲೇ ಇವೆ. ಯಾವ ಕಡೆ ಹೋಗೋಣ ಅಂತ ನನ್ನನ್ನೇ ಕೇಳ್ತಿದಾರೆ. ನಿಮ್ಮಲ್ಲಿ ಒಬ್ಬನೇ ಹತ್ತು ಜನ ಆಗಿ ಮಾತಾಡ್ತಾನೆ. ನಾನು ಯಾರನ್ನ ನಂಬಲಿ? ಆ ಚಾನೆಲ್ಲಿನವನು ಕೂಗುಮಾರಿ, ನಿಜ. ಆದರೆ ಅವನು ಒಬ್ಬನೇ ಒಬ್ಬ. ಹಿಂದುಳಿದೋರು ಬಂದು ಸೇರಿದ ಕೂಡಲೇ ಕಾಡುದಾರಿ ಅಂತಿದೀನಿ.”

“ಮೇಷ್ಟ್ರೇ, ಬೇಡ! ನನ್ನಾಣೆಗೂ ಇದು ನಾನೇ, ಕೇಳಿ—”

ಫೋನು ಸತ್ತಿತು. ಮತ್ತೆ ಹಚ್ಚಿದಳು, ಹೋಗಲಿಲ್ಲ. ಇನ್ನೊಬ್ಬರಿಗೆ ಹಚ್ಚಿದಳು, ಅದೂ ಇಲ್ಲ. ಗುಡ್ಡದ ಮೇಲಿನ ಮೊಬೈಲ್ ಟವರನ್ನು ಬೆಂಕಿ ಮುಟ್ಟಿತ್ತು. ಇನ್ನು ಮೇಲಿನವರ ಪಾಲಿಗೆ ಉಳಿದದ್ದು ಕಾರುಗಳ ರೇಡಿಯೊ ಒಂದೇ. ಆ ರೇಡಿಯೊದ ಒಂದೊಂದು ದನಿಯನ್ನೂ ಗಿಳಿ ಈಗಾಗಲೇ ಕುಕ್ಕಿ ಎಂಜಲು ಮಾಡಿದ್ದ.

ಗಿಳಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ನನ್ನ ಗಂಟಲು ಸೀದುಹೋಗಲಿ,” ಎಂದ.

“ಸುಡೋದು ಸೀಯೋದು ಇವತ್ತಿಗೆ ಸಾಕು,” ಎಂದಳು ಅಕ್ಕ. ಕಿಟಕಿಗೆ ಹೋಗಿ ಕೆಳಗೆ ನೋಡಿದಳು. ಲಾಂಡ್ರಿಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅವನ ಹೆಂಡತಿ ಬಡಾವಣೆಯಲ್ಲಿದ್ದಳು. ಇಸ್ತ್ರಿಪೆಟ್ಟಿಗೆ ಆರಿಸಿ ಸೇತುವೆಗೆ ಓಡಿರಬೇಕು. ಬೆಳಿಗ್ಗೆ ಕೆಲಸಕ್ಕೆಂದು, ಪೇಟೆಗೆಂದು ಇಳಿದು ಬಂದ ಬಡಾವಣೆಯವರೆಲ್ಲ ಅಲ್ಲೇ ಇದ್ದಾರು. ಮೇಲೆ ಹೋಗದಂತೆ ಪೊಲೀಸರು ಸೇತುವೆಯ ಈ ತುದಿಗೆ ಅಡ್ಡಗಟ್ಟೆ ಹಾಕಿದ್ದರು.

ಅಕ್ಕ ಒಮ್ಮೆಲೇ ತಿರುಗಿದಳು.

“ಏಳೋ. ಸ್ಕೂಟರ್ ತೆಗಿ. ಹೊರಾಂಗಣದ ವೈರ್‌ಲೆಸ್ ಮೈಕು ತಗೊಂಡು ಸೇತುವೆಗೆ ಹೋಗು. ಅಲ್ಲಿ ನಿಂತಿರೋ ಒಬ್ಬೊಬ್ಬರ ಬಾಯಿಗೂ ಹಿಡಿ. ಊರಿಗೆ ಮಾತಾಡೋದು ಬೇಡ, ಅವರವರ ಮನೆಯೋರಿಗೆ ಮಾತಾಡಲಿ. ಮನೆಯೋರಿಗೆ ಮಾತ್ರ ಗೊತ್ತಿರೋದನ್ನ ಮಾತಾಡಲಿ.”

“ನಾನು ಏನು ಹೇಳ್ಲಿ?”

“ನೀನು ಏನೂ ಹೇಳಬೇಡ. ಕೆಮ್ಮಬೇಡ, ‘ಹ್ಞೂಂ’ ಅನ್ನಬೇಡ. ಮೈಕಿನ ಕೋಲು ನೀನು.”

ಹುಟ್ಟಿದಂದಿನಿಂದ ಬಾಯಿ ಮುಚ್ಚದವನು ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದ.

ಅಕ್ಕ ಹೆಡ್‌ಫೋನು ಹಾಕಿಕೊಂಡು ಕೂತಳು. ಕೂತಿದ್ದೇ ಅಪರೂಪ. ಮೊದಲು ಗಾಳಿಯ ಸದ್ದು, ಜನರ ಗುಜುಗುಜು, ಪೊಲೀಸಿನವನ ಸೀಟಿ. ಸೇತುವೆಯ ಕಬ್ಬಿಣದ ಹಾಸುಗಳ ಮೇಲೆ ಗಾಡಿ ಹೋದರೆ ‘ಧಡಕ್ ಧಡಕ್’ ಎಂದು ಅರ್ಧ ಊರಿಗೆ ಕೇಳಿಸುತ್ತದೆ. ಈಗ ಆ ಸದ್ದಿರಲಿಲ್ಲ. ಅದನ್ನೂ ಗಿಳಿ ನಾಲಿಗೆಯಲ್ಲಿ ಹೊರಡಿಸಬಲ್ಲ. ಹೊರಡಿಸಲಿಲ್ಲ.

“ಇದ್ರಲ್ಲಿ ಮಾತಾಡಿದ್ರೆ ಅವಳಿಗೆ ಕೇಳ್ಸತ್ತಾ?” ಲಾಂಡ್ರಿಯವನ ದನಿ. ಗಿಳಿ ತಲೆಯಾಡಿಸಿರಬೇಕು. “ಲೇ ಇವಳೇ! ನಾನು ಕಣೇ. ಸೇತುವೆ ಮೇಲೆ ನಿಂತಿದೀನಿ, ಅಲ್ಲಾಡ್ತಾನೂ ಇಲ್ಲ ಇದು. ನೋಡು, ತಂತಿ ಮೇಲಿನ ಬಟ್ಟೆ ತೆಗೀತಾ ನಿಂತ್ಕೋಬೇಡ. ಊರೋರ ಬಟ್ಟೆ ಎಲ್ಲಾ ನಾನು ಇಸ್ತ್ರಿ ಮಾಡ್ತೀನಿ, ನನ್ನ ಅಂಗಿ ಮಾತ್ರ ಸುಕ್ಕು ಅಂತ ನಿನ್ನೆ ಜಗಳ ಆಡಿದ್ನಲ್ಲ, ಆ ಅಂಗಿ ಸುಟ್ಟೇ ಹೋಗಲಿ. ನೀನು ಬಾ. ಸೇತುವೆ ಕಡೆ ಬಾ.”

ಮುಂದಿನದು ಎಳೆಯ ದನಿ, ಹೊಸ ಸೊಸೆಯೊಬ್ಬಳದು. “ಅತ್ತೆ, ನಾನು. ಫ್ರಿಜ್ಜು ಎಲ್ಲಿಡಬೇಕು ಅಂತ ಬೆಳಿಗ್ಗೆ ವಾದ ಮಾಡಿದ್ನಲ್ಲ. ನೀವು ಹೇಳಿದ ಮೂಲೇಲೇ ಇಡೋಣ. ಸೋತೆ, ಆಯ್ತಾ? ನೀವು ಬೆಕ್ಕು ಹುಡುಕ್ತಾ ಕೂತಿರ್ತೀರಿ, ಗೊತ್ತು ನಂಗೆ. ಅದು ಅಟ್ಟದ ಮೇಲೆ ಟ್ರಂಕಿನ ಹಿಂದಿರತ್ತೆ. ಎತ್ಕೊಂಡು ಸೇತುವೆಗೆ ಬನ್ನಿ ಅತ್ತೆ. ಸೇತುವೆ ಚೆನ್ನಾಗಿದೆ.” ದನಿ ಒಡೆಯಿತು. “ನೀವು ಬಂದಮೇಲೆ ಬೇಕಾದ್ರೆ ಮತ್ತೆ ವಾದ ಮಾಡೋಣ.”

ಒಬ್ಬರ ಹಿಂದೆ ಒಬ್ಬರು ಬಂದರು. ಅಳುವವರು ಕಡಿಮೆ, ಬೈಯುವವರೇ ಹೆಚ್ಚು. ಅಪ್ಪ ಮಗನಿಗೆ ಬೈದ, ಅಣ್ಣ ತಮ್ಮನಿಗೆ ಬೈದ. ಮನೆಯೊಳಗಿನ ಎಷ್ಟೋ ಗುಟ್ಟುಗಳು ಆ ಮಧ್ಯಾಹ್ನ ಬೀದಿಗೆ ಬಂದವು. ಯಾರ ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ, ಸಕ್ಕರೆ ಕಾಯಿಲೆಯ ಯಾವ ಭಾವ ಕದ್ದು ಏನನ್ನು ತಿನ್ನುತ್ತಾನೆ, ಎಲ್ಲ. ಅಕ್ಕನಿಗೆ ಆಶ್ಚರ್ಯ. ಇಷ್ಟು ವರ್ಷ ಇಷ್ಟು ಕಾರ್ಯಕ್ರಮ ಮಾಡಿದರೂ ಇಂಥ ಪ್ರಸಾರ ತನ್ನ ಕೇಂದ್ರದಿಂದ ಎಂದೂ ಹೋಗಿರಲಿಲ್ಲ. ಯಾರು ಕಂಡರು? ಇವರು. ಎಲ್ಲಿ ನಿಂತು ಕಂಡರು? ಸೇತುವೆಯ ಮೇಲೆಯೇ. ಅವಳ ನಿಯಮದ ಎರಡೂ ಕಾಲುಗಳು ಕಬ್ಬಿಣದ ಮೇಲೆ ಊರಿಕೊಂಡಿದ್ದವು.

ಆದರೆ ‘ಧಡಕ್’ ಮಾತ್ರ ಇಲ್ಲ. ಮೇಷ್ಟ್ರು ಹೇಳದೆ ಅಲ್ಲಿಯ ಕಾರುಗಳು ಅಲುಗವು ಎಂದು ಅಕ್ಕನಿಗೆ ಗೊತ್ತಿತ್ತು. ಬಡಾವಣೆಯ ಅರ್ಧ ಜನ ಅವರ ಕೈಯಲ್ಲಿ ಪೆಟ್ಟು ತಿಂದು ಅಕ್ಷರ ಕಲಿತವರು.

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಗಡಿಬಿಡಿ. ಗಿಳಿ ಯಾರನ್ನೋ ಹುಡುಕಿ, ಜನರನ್ನು ಸರಿಸಿಕೊಂಡು ಓಡುತ್ತಿದ್ದ. ಏದುಸಿರು ಕೇಳುತ್ತಿತ್ತು, ಮಾತಿಲ್ಲ. ಮೈಕು ನಿಂತಿತು. ಹಿರಿಯ ಹೆಂಗಸಿನ ದನಿ, ಮೇಷ್ಟ್ರ ಹೆಂಡತಿಯದು:

“ಏನಪ್ಪಾ, ನಾನ್ಯಾಕೆ? ಅವರು ನನ್ನ ಮಾತು ಯಾವತ್ತು ಕೇಳಿದಾರೆ?” ಆದರೂ ಆಕೆ ಶುರು ಮಾಡಿದಳು. “ನೋಡ್ರೀ, ನಾನು. ನಿಮ್ಮ ಕನ್ನಡಕದ ಕಾಲು ರಿಪೇರಿ ಆಯ್ತು. ಇಲ್ಲಿ ನನ್ನ ಚೀಲದಲ್ಲಿದೆ. ನೀವೀಗ ಹಾಕ್ಕೊಂಡಿರೋದು ಹಳೇದು, ಅದ್ರಲ್ಲಿ ನಿಮಗೆ ನಿಮ್ಮ ಕೈಬೆರಳೇ ಕಾಣಲ್ಲ. ಬೆಳಿಗ್ಗೆ ಉಪ್ಪು ಅಂತ ಸೋಡಾಪುಡಿ ಹಾಕ್ಕೊಂಡು ತಿಂದ್ರಿ. ಹೇಳಿದ್ರೆ ಬೇಜಾರಾಗ್ತೀರಿ ಅಂತ ಸುಮ್ಮನಿದ್ದೆ. ಅಂಥ ಕಣ್ಣಿಟ್ಕೊಂಡು ಕಾಡುದಾರೀಲಿ ಕಾರು ಓಡಿಸ್ತೀರಾ? ಹಿಂದೆ ಅಷ್ಟು ಸಂಸಾರ ಕಟ್ಕೊಂಡು? ಸೇತುವೆ ನನ್ನ ಕಾಲ ಕೆಳಗಿದೆ. ಸುಮ್ಮನೆ ಬಂದು ಕನ್ನಡಕ ಹಾಕ್ಕೊಳ್ಳಿ.”

ಅಕ್ಕ ಹೆಡ್‌ಫೋನಿನ ಸದ್ದು ಏರಿಸಿದಳು. ಗಾಳಿ. ಸೀಟಿ. ಯಾರೋ ಸೀನಿದರು. ಕಿಟಕಿಯ ಗಾಜಿನ ಮೇಲೆ ಬೂದಿ ಹೂವಿನಂತೆ ಬಂದು ಕೂರುತ್ತಿತ್ತು. ಸೊಸೆ ಮತ್ತೆ ಮೈಕಿಗೆ ಬಂದು ಅತ್ತೆಯನ್ನು ಕರೆದಳು, ಲಾಂಡ್ರಿಯವನು ಹೆಂಡತಿಯನ್ನು ಕರೆದ. ಕರೆದವರೇ ಮತ್ತೆ ಕರೆದರು.

ಧಡಕ್.

ಅಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಧಡಕ್ ಧಡಕ್. ಮತ್ತೊಂದು. ಆಮೇಲೆ ಬಿಡುವೇ ಇಲ್ಲದಂತೆ ಧಡಕ್ ಧಡಕ್ ಧಡಕ್, ಹಾರನ್ನು, ಕೂಗು, ಬೆಕ್ಕಿನ ಗುರ್ರ್. ಎಲ್ಲಕ್ಕಿಂತ ಮುಂದಿನ ಕಾರಿನಿಂದ ಪರಿಚಯದ ಗದರಿಕೆ: “ಸೋಡಾಪುಡಿ ವಿಷಯ ಊರಿಗೆಲ್ಲ ಹೇಳಬೇಕಿತ್ತೇನೆ?”

ಮಹಡಿಯ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ಅಕ್ಕ, ನಿಂತ ಹಾಸಿಗೆಯೊಂದನ್ನು ತಬ್ಬಿಕೊಂಡು ಅತ್ತಳು. ಅತ್ತದ್ದು ಪ್ರಸಾರವಾಗಲಿಲ್ಲ. ಮೈಕಿನ ಗುಂಡಿ ಆರಿಸುವುದನ್ನು ಅವಳು ಎಂದೂ ಮರೆತವಳಲ್ಲ.

ಕೊನೆಯ ಗಾಡಿಯ ಹಿಂದೆಯೇ ಅಗ್ನಿಶಾಮಕದವರೂ ಬಂದರು. ಬಡಾವಣೆ ಪೂರ್ತಿ ಖಾಲಿ, ಎಲ್ಲರೂ ಇಳಿದಿದ್ದಾರೆ ಎಂದು ಅಧಿಕಾರಿಣಿ ಫೋನಿನಲ್ಲಿ ಹೇಳಿದಳು. ಕಾಡುದಾರಿ ಆಗಲೇ ಹೊತ್ತಿ ಉರಿಯುತ್ತಿತ್ತಂತೆ. “ಒಂದೇ ಒಂದು ಕಾರು ಅಲ್ಲಿಗೆ ಇಳಿದಿದ್ರೂ ನಾನು ಇವತ್ತು ಬೇರೆ ಮಾತು ಹೇಳಬೇಕಿತ್ತು ಅಕ್ಕಾ,” ಎಂದಳು. ಈ ಸಲ ‘ಅರ್ಥ ಆಯ್ತಲ್ಲ’ ಎನ್ನಲಿಲ್ಲ.

ಅಕ್ಕ ಮೈಕಿನ ಮೂಲಕ ಸೇತುವೆಯನ್ನು ಕರೆದಳು. “ಈಗ ನೀನು ಮಾತಾಡೋ.”

ಮೈಕನ್ನು ಬಾಯಿಯ ಹತ್ತಿರ ತಂದ ಸದ್ದು. ಆಮೇಲೆ ಆ ಒರಟಾದ, ತಗ್ಗಿದ ದನಿ.

“ಬಡಾವಣೆಯ ಎಲ್ಲರೂ ಸೇತುವೆ ದಾಟಿದ್ದಾರೆ. ಇದನ್ನು ಅಗ್ನಿಶಾಮಕ ದಳದವರು ಹೇಳಿದ್ದಾರೆ, ದಾಟಿದ್ದನ್ನ ನಾನು ಇಲ್ಲೇ ನಿಂತು ಕಂಡಿದೀನಿ. ಮೇಲಿನ ಸಾಲಿನ ಕೆಲವು ಮನೆಗಳಿಗೆ ಬೆಂಕಿ ತಗುಲಿದೆ. ಎಷ್ಟು ಅಂತ ಇನ್ನೂ ಗೊತ್ತಿಲ್ಲ, ಗೊತ್ತಾದ ಮೇಲೆ ಹೇಳ್ತೀವಿ. ಬೆಳಿಗ್ಗೆ ಸೇತುವೆ ಸುಟ್ಟಿದೆ ಅಂತ ಕೂಗಿದ್ದು ನಾನು. ಅದು ತಪ್ಪಾಯ್ತು. ನಾನು ಗಿಳಿ. ನನ್ನ ದನಿ ಇದು,” ಎಂದ.

ಹಿಂದಿನಿಂದ ಲಾಂಡ್ರಿಯವನ ಹೆಂಡತಿ ಕೂಗಿದಳು. “ಅಯ್ಯೋ, ಇಷ್ಟು ಚೆನ್ನಾಗಿದೆಯಲ್ಲೋ! ಯಾಕೆ ಬಚ್ಚಿಟ್ಟಿದ್ದೆ?”

ಸಂಜೆ ಮಹಾನಗರದ ಚಾನೆಲ್ಲಿನಿಂದ ಅಕ್ಕನಿಗೆ ಫೋನು ಬಂತು. ಆ ವಿಡಿಯೊವನ್ನು ಅವರು ಸದ್ದಿಲ್ಲದೆ ತೆಗೆದುಹಾಕಿದ್ದರು. ಸದ್ದು ಮಾಡದೆ ಅವರು ಮಾಡಿದ ಕೆಲಸ ಬಹುಶಃ ಅದೊಂದೇ. “ಮೇಡಂ, ಸೇತುವೆಯ ದೃಶ್ಯ ಇದ್ರೆ ಕಳಿಸಿ. ಅಳ್ತಿರೋ ಹೆಂಗಸರು ಇದ್ರೆ ಇನ್ನೂ ಒಳ್ಳೇದು,” ಎಂದಿತು ಒಂದು ನಯವಾದ ದನಿ.

“ಅಳೋರು ಯಾರೂ ಇಲ್ಲಪ್ಪ,” ಎಂದಳು ಅಕ್ಕ. “ಗಂಡಂದಿರನ್ನ ಬೈಯೋರಿದಾರೆ, ಬೇಕಾ? ಅದಕ್ಕೆ ಮುಂಚೆ, ಸೇತುವೆ ಸುಟ್ಟಿಲ್ಲ ಅಂತ ನಿಮ್ಮ ಅಣ್ಣನ ಕೈಲಿ ಒಂದು ಸಲ ಕೂಗಿಸಿ. ಅಷ್ಟೇ ಜೋರಾಗಿ.”

ಕೂಗಿಸಿದರೋ ಇಲ್ಲವೋ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಶಾಲೆಯ ಕೋಣೆಗಳಲ್ಲಿ ತಂಗಿದವರಿಗೆ ಕಂಬಳಿ ಬೇಕಿತ್ತು, ಯಾವ ಕೋಣೆಯಲ್ಲಿ ಯಾರಿದ್ದಾರೆಂದು ಹೇಳಬೇಕಿತ್ತು. ಹೇಳಿದವನು ಗಿಳಿ. ಒಂದು ಜೋಕಿಲ್ಲ, ಒಂದು ಸೀಟಿಯಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಖುದ್ದಾಗಿ ಮೆಟ್ಟಿಲು ಹತ್ತಿ ಬಂದರು, ಮೂಗಿನ ಮೇಲೆ ರಿಪೇರಿಯಾದ ಕನ್ನಡಕ. ಮೈಕಿನ ಮುಂದೆ ಮುದುಡಿಕೊಂಡು ಕೂತಿದ್ದ ಗಿಳಿಯನ್ನು ಮೇಲಿಂದ ಕೆಳಗೆ ನೋಡಿದರು. ಅವನು ಎದ್ದು ನಿಂತ. ಕೈ ಮುಂದೆ ಚಾಚುವುದೋ, ಕಿವಿ ಹಿಡಿಯುವುದೋ ತಿಳಿಯಲಿಲ್ಲ.

“ಮೇಷ್ಟ್ರೇ, ನನ್ನಿಂದ ನೀವು ಎಲ್ಲರನ್ನೂ…”

“ನಿನ್ನಿಂದ ಅರ್ಧ, ನನ್ನ ಹಟದಿಂದ ಅರ್ಧ,” ಎಂದು ಮೇಷ್ಟ್ರು ತಡೆದರು. “ರಾತ್ರಿಯೆಲ್ಲ ಅದನ್ನೇ ಲೆಕ್ಕ ಹಾಕಿದೆ.” ಆಮೇಲೆ ಅಕ್ಕನ ಕಡೆ ತಿರುಗಿದರು. “ಅಮ್ಮಾ, ಗಿಳಿ ಇರಲಿ. ಮಕ್ಕಳು ನಗಬೇಕು. ಆದರೆ ನಿನ್ನೆ ಸಂಜೆ ಮಾತಾಡಿದನಲ್ಲ, ಆ ಹುಡುಗನನ್ನ ಮಾತ್ರ ಬಿಡಬೇಡ. ಅವನಿಗೆ ನನ್ನ ಪೂರ್ತಿ ಮಾರ್ಕ್ಸು.”

ವಾರ್ತೆಯ ಹೊತ್ತಾಗಿತ್ತು. ಅಕ್ಕ ಬರೆದಿಟ್ಟ ಹಾಳೆಗಳನ್ನು ಕೈಗೆತ್ತಿಕೊಂಡಳು, ಕುರ್ಚಿಯ ತನಕ ಹೋದಳು, ಅಲ್ಲೇ ನಿಂತಳು. ಹಾಳೆಗಳನ್ನು ತಮ್ಮನ ಮುಂದಿಟ್ಟು, ಅವನ ಭುಜದ ಮೇಲಿಂದ ಬಾಗಿ ಮೈಕಿನ ಗುಂಡಿ ಒತ್ತಿದಳು. ಕೆಮ್ಮು ಬಂತು. ಬರಲಿ ಎಂದು ಕೆಮ್ಮಿದಳು.

“ಕೇಳುಗರೇ, ಸ್ವಲ್ಪ ಇರಿ. ಈಗ ವಾರ್ತೆಗಳು. ಓದುತ್ತಿರುವವರು,” ಎಂದು ಅವನ ತಲೆಯ ಮೇಲೆ ಕೈಯಿಟ್ಟು, ಇಡೀ ಊರಿಗೆ ಕೇಳಿಸುವಂತೆ ಹೇಳಿದಳು, “ನನ್ನ ತಮ್ಮ.”